ಎರಡು ನಿಲ್ದಾಣಗಳ ನಡುವಣ ನಾಡು

ತುಮಕೂರು ಹೆದ್ದಾರಿಯ ಇಕ್ಕೆಲಗಳಲ್ಲಿಯೂ ಹಬ್ಬಿಕೊಂಡಿರುವ ಮಾದನಾಯಕನಹಳ್ಳಿಯನ್ನು ಇಂದು ಕಾಣತಕ್ಕವರಿಗೆ, ಇದು ಕೆಲವೇ ದಶಕಗಳ ಹಿಂದೆ ರಾಗಿಯ ಹೊಲಗಳ ನಡುವಣ ಒಂದು ಸಾಮಾನ್ಯ ಗ್ರಾಮವಾಗಿತ್ತೆಂದು ನಂಬುವುದು ಕಷ್ಟ. ಪೀಣ್ಯದ ಕೈಗಾರಿಕೆಗಳು ವಾಯವ್ಯ ದಿಕ್ಕಿಗೆ ಕಾಲುಚಾಚುತ್ತ ಬಂದು ಮಾಕಳಿ, ದಾಸನಪುರ, ಆಲೂರುಗಳನ್ನೆಲ್ಲ ಒಂದೇ ಜನವಸತಿಯಾಗಿ ಬೆಸೆದುಬಿಟ್ಟ ಮೇಲೆ ಊರಿಗೆ ನಗರಸಭೆ ಬಂದಿದೆ. ಮಾದಾವರದವರೆಗೆ ಮೆಟ್ರೋ ಬಂದಿದೆ. ದಾಸನಪುರದ ಕೃಷಿ ಮಾರುಕಟ್ಟೆಯ ಪ್ರಾಂಗಣಕ್ಕೆ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿಗಳ ಮೂಟೆಗಳನ್ನು ಹೊತ್ತ ಲಾರಿಗಳು ಬೆಳಕು ಹರಿಯುವ ಮೊದಲೇ ಬಂದು ಸಾಲುಗಟ್ಟುತ್ತವೆ. ಪೇಟೆಗೆ ಬಂದು ಬೀಳುವ ಸರಕೆಲ್ಲ ಹಳ್ಳಿಗಾಡಿನದೇ ಆದರೂ ಪೇಟೆಯಲ್ಲಿ ಬಾಳುವವನಿಗೆ ಆ ಹಳ್ಳಿಗಾಡಿನ ದರ್ಶನವಿಲ್ಲ. ಹೆದ್ದಾರಿಯಲ್ಲಿ ಅವನು ನಿತ್ಯವೂ ಕಾಣುವುದು ಗೋದಾಮುಗಳ ತಗಡಿನ ಗೋಡೆಗಳು, ತೂಕದ ಸೇತುವೆಗಳು, ಟೋಲ್ ಕಟ್ಟೆ ಮತ್ತು ತನ್ನ ಮುಂದೆ ಹೋಗುತ್ತಿರುವ ಲಾರಿಯ ಹಿಂಭಾಗ. ಅವುಗಳ ಹಿಂದೆ ನಾಡೊಂದು ಇದ್ದೀತೆಂಬ ಶಂಕೆಗೂ ಎಡೆಯಿಲ್ಲ.

ಆ ನಾಡಿಗೆ ಹೋಗಲು ಹೆದ್ದಾರಿಗಿಂತ ಸೊಗಸಾದ ಬಾಗಿಲೊಂದು ಹತ್ತಿರದಲ್ಲಿಯೇ ಇದೆ. ಬೆಂಗಳೂರಿನಿಂದ ತುಮಕೂರಿಗೆ ಹೋಗುವ ರೈಲುಹಾದಿಯು ಹೆದ್ದಾರಿಗೆ ಸ್ವಲ್ಪವೇ ದೂರದಲ್ಲಿ, ಬಹುಮಟ್ಟಿಗೆ ಅದೇ ದಿಕ್ಕಿನಲ್ಲಿ, ಆದರೆ ಬೇರೊಂದು ಯುಗದ ಗತಿಯಲ್ಲಿ ಸಾಗುತ್ತದೆ. ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರಾದ ಮರುವರುಷ, ಎಂದರೆ 1884ರಲ್ಲಿ, ಮೀಟರ್ ಗೇಜಿನ ಹಳಿಗಳ ಮೇಲೆ ಇಲ್ಲಿ ಗಾಡಿ ಓಡತೊಡಗಿತು. ಒಂದು ಶತಮಾನಕ್ಕೂ ಮಿಕ್ಕಿ ಹಾಗೆಯೇ ನಡೆದು ಬಂದು ಕಳೆದ ಶತಮಾನದ ಕೊನೆಯ ದಶಕದಲ್ಲಿ ಹಳಿ ಅಗಲವಾಯಿತು. ಚಿಕ್ಕಬಾಣಾವರದಿಂದ ಮುಂದಕ್ಕೆ ಸೋಲದೇವನಹಳ್ಳಿ, ಗೊಲ್ಲಹಳ್ಳಿ, ಭೈರನಾಯಕನಹಳ್ಳಿ, ದೊಡ್ಡಬೆಲೆ, ಮುದ್ದಲಿಂಗನಹಳ್ಳಿ, ನಿಡುವಂದ, ಹಿರೇಹಳ್ಳಿ, ಕ್ಯಾತ್ಸಂದ್ರ ಎಂದು ಬರುವ ನಿಲ್ದಾಣಗಳಲ್ಲಿ ಕೆಲವಕ್ಕೆ ತಮ್ಮ ಹೆಸರಿನಷ್ಟು ಉದ್ದದ ಆಡಂಬರವಿಲ್ಲ. ವೇಗದ ಗಾಡಿಗಳು ಇವುಗಳತ್ತ ತಿರುಗಿಯೂ ನೋಡದೆ ಹೋಗುತ್ತವೆ. ಪ್ಯಾಸೆಂಜರ್ ಗಾಡಿ ಮಾತ್ರ ಪ್ರತಿಯೊಂದರಲ್ಲಿಯೂ ನಿಂತು, ಹಾಲಿನ ಕ್ಯಾನು ಹಿಡಿದವರನ್ನೂ ಕಾಲೇಜಿನ ಹುಡುಗರನ್ನೂ ಇಳಿಸಿ ಹತ್ತಿಸಿಕೊಂಡು ಮುಂದುವರಿಯುತ್ತದೆ. ನಮ್ಮ ಊರಿನವರು ಚಿಕ್ಕಬಾಣಾವರಕ್ಕೆ ಬಸ್ಸಿನಲ್ಲಿ ಹೋಗಿಯಾದರೂ, ಮಾದಾವರದಲ್ಲಿ ಮೆಟ್ರೋ ಹತ್ತಿ ಯಶವಂತಪುರದಲ್ಲಿ ಇಳಿದಾದರೂ ಈ ಗಾಡಿಯನ್ನು ಹಿಡಿಯಬಹುದು.

ಕಾರಿನಲ್ಲಿ ಹೋಗಿ ನಡೆಯುವುದಕ್ಕೂ ರೈಲಿನಲ್ಲಿ ಹೋಗಿ ನಡೆಯುವುದಕ್ಕೂ ಇರುವ ಅಂತರ ಕೇವಲ ಖರ್ಚಿನದಲ್ಲ. ಕಾರನ್ನು ಎಲ್ಲಿ ನಿಲ್ಲಿಸಿದನೋ ಅಲ್ಲಿಗೇ ಮನುಷ್ಯನು ಮರಳಬೇಕು. ಎಷ್ಟು ದೂರ ನಡೆದರೂ ಗೂಟಕ್ಕೆ ಕಟ್ಟಿದ ಹಸುವಿನಂತೆ ಅವನ ಸಂಚಾರಕ್ಕೆ ಹಗ್ಗದ ಅಳತೆಯಿರುತ್ತದೆ. ರೈಲಿನವನಾದರೋ ಒಂದು ನಿಲ್ದಾಣದಲ್ಲಿ ಇಳಿದು ಇನ್ನೊಂದು ನಿಲ್ದಾಣದಲ್ಲಿ ಹತ್ತಬಹುದು. ನಡುವಣ ನಾಡೆಲ್ಲ ಅವನದು. ಇಂಗ್ಲೆಂಡಿನ ರೈಲು ಕಂಪನಿಗಳು 1930ರ ದಶಕದಲ್ಲಿ ಈ ಸೂಕ್ಷ್ಮವನ್ನು ಅರಿತು, ತಮ್ಮ ನಿಲ್ದಾಣಗಳಿಂದ ಹೊರಡುವ ಕಾಲುದಾರಿಗಳ ವರ್ಣನೆಯುಳ್ಳ ಪುಟ್ಟ ಪುಸ್ತಕಗಳನ್ನು ಅಚ್ಚುಹಾಕಿಸಿ ಮಾರುತ್ತಿದ್ದವು. ನಮ್ಮಲ್ಲಿ ಅಂಥ ಪುಸ್ತಕ ಹುಟ್ಟಲಿಲ್ಲ. ನಡೆಯುವುದೆಂದರೆ ಒಂದೋ ತೀರ್ಥಯಾತ್ರೆ, ಇಲ್ಲವೆ ಬಡತನ ಎಂಬ ಭಾವನೆ ಬಹುಕಾಲ ನೆಲಸಿದ್ದುದೇ ಇದಕ್ಕೆ ಕಾರಣವಿರಬಹುದು.

ಮೊದಲು ಅತಿ ಸಮೀಪದ ಸೋಲದೇವನಹಳ್ಳಿಯಿಂದಲೇ ತೊಡಗೋಣ. ಇಲ್ಲಿ ಇಳಿದವನು ಉತ್ತರಕ್ಕೆ ಹೆಸರಘಟ್ಟದ ದಿಕ್ಕನ್ನು ಹಿಡಿದರೆ ಬೆಂಗಳೂರಿನ ದಾಹದ ಚರಿತ್ರೆಯ ಮೊದಲ ಅಧ್ಯಾಯದಲ್ಲಿಯೇ ನಡೆಯುತ್ತಾನೆ. ನಂದಿಬೆಟ್ಟದಲ್ಲಿ ಹುಟ್ಟಿ ಬರುವ ಅರ್ಕಾವತಿಗೆ ಹೆಸರಘಟ್ಟದಲ್ಲಿ ಜಲಾಶಯವನ್ನು ಕಟ್ಟಿ, ಅದರ ನೀರನ್ನು ನಗರಕ್ಕೆ ಒಯ್ಯುವ ವ್ಯವಸ್ಥೆ 1894ರಲ್ಲಿ ಸಿದ್ಧವಾಯಿತು. ಈ ರೈಲು ಬಂದ ಕಾಲದ ದಿವಾನರೇ ಈ ನೀರು ಬಂದ ಕಾಲದ ದಿವಾನರೂ ಹೌದು. ಕೆರೆಯಿಂದ ಇಟ್ಟಿಗೆಯ ಕಾಲುವೆಯಲ್ಲಿ ತನ್ನ ಭಾರದಿಂದಲೇ ಹರಿದುಬಂದ ನೀರನ್ನು ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ಎತ್ತರಕ್ಕೆ ನೂಕಿ ಮಲ್ಲೇಶ್ವರದ ಕಡೆಗೆ ಕಳುಹುತ್ತಿದ್ದವು. ಪಕ್ಕದ ದಿಣ್ಣೆಗೆ ಚಿಮಣಿ ಹಿಲ್ಸ್ ಎಂಬ ಹೆಸರು ಅಂಟಿರುವುದು ಆ ಯಂತ್ರಾಗಾರದ ಹೊಗೆಗೊಳವೆಯ ದೆಸೆಯಿಂದ. ಅಲ್ಲಿ ನಿವೇಶನ ಕೊಂಡವರಲ್ಲಿ ಬಹುಮಂದಿಗೆ ಈ ಸಂಗತಿ ತಿಳಿಯದು. ಹಳೆಯ ಇಟ್ಟಿಗೆಯ ಕಮಾನುಗಳು ಅಲ್ಲಲ್ಲಿ ಉಳಿದಿವೆ. ಗಾರೆಯ ಬಿರುಕಿನಲ್ಲಿ ಅರಳಿಯ ಸಸಿ ಬೇರೂರಿದೆ. ಕಮಾನಿನ ನೆರಳಿನಲ್ಲಿ ಕುರಿಗಳು ಮಲಗಿರುತ್ತವೆ. ಮುಂದೆ ಕೆರೆಯ ಏರಿಯನ್ನು ಹತ್ತಿದರೆ, ಮಳೆ ಚೆನ್ನಾಗಿ ಆದ ವರುಷ ನೀರೂ, ಉಳಿದ ವರುಷಗಳಲ್ಲಿ ಹುಲ್ಲೂ ಕಣ್ಣಿಗೆ ಬೀಳುತ್ತವೆ. ಆ ಹುಲ್ಲುಗಾವಲು ಬಯಲೆಂದು ತೋರಿದರೂ ಬರಿದಲ್ಲ: ಚಳಿಗಾಲದಲ್ಲಿ ಉತ್ತರದೇಶಗಳಿಂದ ಬರುವ ಸೆಳೆವಗಳು ಅದರ ಮೇಲೆ ತೀರ ಕೆಳಗೆ ತೇಲುತ್ತ ಬೇಟೆಯನ್ನು ಹುಡುಕುವುದನ್ನು ನೋಡಲೆಂದೇ ಪಕ್ಷಿವೀಕ್ಷಕರು ಮುಂಜಾವಿನಲ್ಲಿ ಬಂದು ಕೂರುತ್ತಾರೆ.

ಅರ್ಕಾವತಿಯು ಹೆಸರಘಟ್ಟವನ್ನು ಬಿಟ್ಟು ದಾಸನಪುರ ಹೋಬಳಿಯ ನೆಲದ ಮೇಲೆ ತಿಪ್ಪಗೊಂಡನಹಳ್ಳಿಗೆ ಹೋಗುತ್ತದೆ, ಅಥವಾ ಹೋಗಬೇಕು. ನಮ್ಮ ಊರಿನ ಮಗ್ಗುಲಲ್ಲಿಯೇ ಹಾಯುವ ಆ ಪಾತ್ರವನ್ನು ನದಿಯೆಂದು ಗುರುತಿಸುವವರು ಅಪರೂಪ. ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಪೂರ್ಣಗೊಂಡ ಚಾಮರಾಜಸಾಗರದ ಬಳಿ ಅದನ್ನು ಕೂಡಿಕೊಳ್ಳುವ ಕುಮುದ್ವತಿಯ ಮಾತು ಶಿವಗಂಗೆಯ ಪ್ರಸ್ತಾಪದಲ್ಲಿ ಬರುತ್ತದೆ.

ದೊಡ್ಡಬೆಲೆ, ಮುದ್ದಲಿಂಗನಹಳ್ಳಿಗಳಿಗೆ ಬಂದರೆ ನಿಜವಾದ ಬಯಲುನಾಡು ತೆರೆಯುತ್ತದೆ. ಇಲ್ಲಿ ನಡೆಯಲು ಅತ್ಯಂತ ಪ್ರಶಸ್ತವಾದ ಕಾಲ ಕಾರ್ತೀಕ ಮಾರ್ಗಶಿರಗಳು. ಆಗ ಹೊಲಗಳಲ್ಲಿ ರಾಗಿ ತೆನೆ ಬಾಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ರಾಗಿಯ ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಹರಳುಗಳು ನಿಂತಿರುತ್ತವೆ. ಈ ಅಕ್ಕಡಿಯನ್ನು ನೋಡಲು ಒಂದು ಬದುವಿನ ಮೇಲೆ ಹತ್ತು ನಿಮಿಷ ಕೂರುವುದು ಲೇಸು. ರಾಗಿ ಕೈಕೊಟ್ಟರೆ ಅವರೆಯುಂಟು. ಅವರೆಗೆ ಹುಳು ಬಿದ್ದರೆ ತೊಗರಿಯುಂಟು. ಜೋಳದ ಉದ್ದನೆಯ ದಂಟಿನ ಮೇಲೆ ಕಾಜಾಣ ಬಂದು ಕೂತು ಕೆಳಗಿನ ಹುಳುಗಳನ್ನು ಹೆಕ್ಕುತ್ತದೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬಂದರೆ ಉಳಿದ ಪೈರಿಗೂ ಪ್ರಯೋಜನ. ವಿಮೆಯ ಕಂಪನಿಗಳು ಹುಟ್ಟುವ ಮುಂಚೆ ಬಯಲುಸೀಮೆಯ ಒಕ್ಕಲಿಗನು ಮಾಡಿಕೊಂಡ ಏರ್ಪಾಡು ಇದು. ಪುಷ್ಯದ ಹೊತ್ತಿಗೆ ರಾಗಿ ಕೊಯ್ಲು ಮುಗಿದು ಮೆದೆಗಳೆದ್ದಿರುತ್ತವೆ, ಮತ್ತು ಅವರೆಯ ಸೊನೆಯ ಪರಿಮಳ ಹಾದಿಯುದ್ದಕ್ಕೂ ಹಬ್ಬಿರುತ್ತದೆ. ಸೆಗಣಿ ಸಾರಿಸಿದ ಕಣಗಳು ಈಗ ವಿರಳ. ಊರಮುಂದಿನ ಡಾಂಬರು ರಸ್ತೆಯ ಮೇಲೆಯೇ ರಾಗಿಯ ಕಂತೆಗಳನ್ನು ಹರಡಿ, ಹಾಯ್ದುಹೋಗುವ ಟ್ರ್ಯಾಕ್ಟರು ಕಾರುಗಳ ಚಕ್ರಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವುದು ವಾಡಿಕೆಯಾಗಿದೆ. ಕಾರಿನವರು ಇದನ್ನು ಕಂಡು ಗೊಣಗುತ್ತಾರೆ. ಕೂಲಿ ಕೇಳದೆ ದುಡಿದುಕೊಟ್ಟ ಬೇಸರವಿರಬೇಕು.

ಈ ಭಾಗದಲ್ಲಿ ತ್ಯಾಮಗೊಂಡ್ಲು ಎಂಬ ಹಳೆಯ ವರ್ತಕರ ಪೇಟೆಯಿದೆ. ಅದರ ಆಚೆಗೆ ಮಣ್ಣೆ. ಇಂದು ಮಣ್ಣೆಯು ನೆಲಮಂಗಲ ತಾಲ್ಲೂಕಿನ ಒಂದು ಹಳ್ಳಿ ಮಾತ್ರ. ಎಂಟನೆಯ ಶತಮಾನದಲ್ಲಿ ಅದು ಮಾನ್ಯಪುರ, ಗಂಗದೊರೆ ಶ್ರೀಪುರುಷನ ರಾಜಧಾನಿ. ಊರಿನ ಸುತ್ತ ಪಾಳುಬಿದ್ದ ಕಪಿಲೇಶ್ವರ ದೇಗುಲದ ಕೆತ್ತನೆಯ ಬಾಗಿಲುವಾಡವೂ, ಹೊಲದ ಬದುಗಳಲ್ಲಿ ಒರಗಿಕೊಂಡ ಶಿಲ್ಪಗಳೂ ಇವೆ. ಟಿಕೆಟ್ಟಿನ ಕಟ್ಟೆಯಾಗಲಿ, ಮಾರ್ಗದರ್ಶಿಯಾಗಲಿ ಇಲ್ಲದ ಈ ರಾಜಧಾನಿಯಲ್ಲಿ ನಮ್ಮನ್ನು ಎದುರುಗೊಳ್ಳುವವರು ದನ ಮೇಯಿಸುವ ಮುದುಕರು. ‘ಯಾವ್ ಕಡೆ ಹೊಂಟ್ರಿ ಸ್ವಾಮಿ?’ ಎಂದು ಅವರು ಕೇಳದೆ ಬಿಡರು. ಹಾಳುಗುಡಿ ನೋಡಲು ನಡೆದುಬಂದೆವೆಂದರೆ, ‘ಗಾಡಿ ಇಲ್ವಾ?’ ಎಂಬ ಎರಡನೆಯ ಪ್ರಶ್ನೆಯಲ್ಲಿ ಕರುಣೆ ಸೇರಿಕೊಂಡಿರುತ್ತದೆ. ಅವರು ಹೇಳುವ ‘ಇಲ್ಲೇ ಒಂದು ಕೂಗಳತೆ’ಯನ್ನು ಅಕ್ಷರಶಃ ನಂಬತಕ್ಕುದಲ್ಲ; ಅವರ ಕೂಗಿಗೆ ನಗರವಾಸಿಯ ಕಿವಿಗೆಟಕದಷ್ಟು ಹರವಿದೆ.

ದಾರಿ ಕೇಳುವ ಮಾತು ಬಂದುದರಿಂದ ದಾರಿಯ ಮಾತನ್ನೂ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಈ ನಡಿಗೆಗಳ ಜೀವಾಳ ಅದೇ. ನಮ್ಮ ಪ್ರತಿಯೊಂದು ಗ್ರಾಮಕ್ಕೂ ಭೂಮಾಪನ ಇಲಾಖೆಯ ಒಂದು ನಕ್ಷೆಯಿದೆ. ಅದರಲ್ಲಿ ಸರ್ವೆ ನಂಬರುಗಳ ನಡುವೆ ಗೆರೆಗಳಾಗಿ ಬಂಡಿದಾರಿ, ಕಾಲುದಾರಿ, ಹಳ್ಳಗಳು ತೋರಿಸಲ್ಪಟ್ಟಿವೆ. ಹಳ್ಳಿಗರು ಇವನ್ನು ‘ನಕಾಶೆ ಕಂಡ ದಾರಿ’ ಎಂದು ಗೌರವದಿಂದ ಕರೆಯುತ್ತಾರೆ. ಇಬ್ಬರು ದಾಯಾದಿಗಳ ನಡುವೆ ವ್ಯಾಜ್ಯ ಬಂದಾಗ ಮೊದಲು ಹೊರಬರುವ ಪ್ರಶ್ನೆ, ದಾರಿ ನಕಾಶೆ ಕಂಡದ್ದೋ ಅಲ್ಲವೋ ಎಂಬುದೇ. ಈ ಗ್ರಾಮನಕ್ಷೆಗಳು ಈಗ ಇಲಾಖೆಯ ಜಾಲತಾಣದಲ್ಲಿ ಯಾರಿಗಾದರೂ ದೊರಕುತ್ತವೆ. ದಿಶಾಂಕ್ ಎಂಬ ಮೊಬೈಲ್ ಆ್ಯಪ್ ಇಟ್ಟುಕೊಂಡವನು ತಾನು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇನೆಂಬುದನ್ನು ನಿಂತಲ್ಲೇ ನೋಡಿಕೊಳ್ಳಬಹುದು. ನಿವೇಶನದ ದಲ್ಲಾಳಿಗಳು ಇವನ್ನು ಚೆನ್ನಾಗಿ ಬಳಸುತ್ತಾರೆ. ನಡೆಯುವವನು ಬಳಸುವುದಿಲ್ಲ, ಬಳಸಿದರೆ ದೊಡ್ಡಬೆಲೆಯಿಂದ ಮುದ್ದಲಿಂಗನಹಳ್ಳಿಯವರೆಗೆ ಡಾಂಬರನ್ನು ಅಲ್ಲಲ್ಲಿ ದಾಟುವುದರ ಹೊರತು ಬಂಡಿದಾರಿಯಲ್ಲಿಯೇ ಹೋಗುವ ಹಾದಿಯನ್ನು ಮನೆಯಲ್ಲಿ ಕೂತೇ ಗುರುತುಹಾಕಿಕೊಳ್ಳಬಹುದು. ಆದರೆ ನಕ್ಷೆಯಲ್ಲಿರುವುದೆಲ್ಲ ನೆಲದ ಮೇಲೆ ಇರುವುದಿಲ್ಲ. ಬಡಾವಣೆಯ ಕಾಂಪೌಂಡೊಂದು ಬಂಡಿದಾರಿಯ ನೆತ್ತಿಯ ಮೇಲೆಯೇ ಎದ್ದುನಿಂತಿರುವುದನ್ನೂ, ಗೋಮಾಳದ ಅಂಚಿನ ಕಾಲುದಾರಿಗೆ ತಂತಿಬೇಲಿ ಬಿದ್ದಿರುವುದನ್ನೂ ಈ ತಾಲ್ಲೂಕಿನಲ್ಲಿ ಹೆಜ್ಜೆಹೆಜ್ಜೆಗೂ ಕಾಣಬಹುದು. ಇಂಗ್ಲೆಂಡಿನವರು 1949ರಲ್ಲಿ ಒಂದು ಕಾನೂನನ್ನು ಮಾಡಿ, ಸಾರ್ವಜನಿಕರು ನಡೆಯಬಹುದಾದ ಕಾಲುದಾರಿಗಳೆಲ್ಲವನ್ನೂ ನಕ್ಷೆಯಲ್ಲಿ ಖಚಿತವಾಗಿ ದಾಖಲಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಹೊರಿಸಿದರು. ನಮ್ಮಲ್ಲಿ ನಕ್ಷೆಯು ಅದಕ್ಕೂ ಮೊದಲೇ ಸಿದ್ಧವಾಗಿತ್ತು. ದಾರಿಯನ್ನು ಕೇಳುವವರು ಮಾತ್ರ ಹುಟ್ಟಿಕೊಳ್ಳಲಿಲ್ಲ.

ನಿಡುವಂದ ಬಂದೊಡನೆ ಗಾಡಿಯ ಎಡಗಡೆಯ ಕಿಟಕಿಯವರೆಲ್ಲ ಹೊರಗೆ ನೋಡುತ್ತಾರೆ. ದೂರದಲ್ಲಿ, ಸುತ್ತಲ ಬಯಲನ್ನು ಧಿಕ್ಕರಿಸಿ ಎದ್ದುನಿಂತ ಶಿವಗಂಗೆಯ ಬಂಡೆಯು 4,500 ಅಡಿಗಳ ಸುಮಾರಿನ ಎತ್ತರದಲ್ಲಿ ಶೋಭಿಸುತ್ತದೆ. ನಿಲ್ದಾಣದಿಂದ ದಾಬಸ್‌ಪೇಟೆಯನ್ನು ಹಾದು ಬೆಟ್ಟದ ಬುಡವನ್ನು ಸೇರಲು ಎರಡು ತಾಸು ಸಾಕು. ಬ್ರಿಟಿಷ್ ಆಡಳಿತದ ಕಾಲದಲ್ಲಿ ಚಿತ್ರದುರ್ಗ ವಿಭಾಗದ ಸೂಪರಿಂಟೆಂಡೆಂಟನಾಗಿ ತುಮಕೂರು ಸೀಮೆಯನ್ನು ಆಳಿದ ಡಾಬ್ಸ್ ಎಂಬಾತನ ಹೆಸರನ್ನು ಈ ಪೇಟೆ ಇನ್ನೂ ಹೊತ್ತಿದೆ. ಹತ್ತಿರದಲ್ಲಿಯೇ ನಿಜಗಲ್ಲು ದುರ್ಗವಿದೆ. ಪೇಶ್ವೆ ಮಾಧವರಾಯನು 1770ರಲ್ಲಿ ಚಿತ್ರದುರ್ಗದ ನಾಯಕನ ನೆರವಿನಿಂದ ಗೆದ್ದುಕೊಂಡ ಕೋಟೆ ಅದು. ಬೆಟ್ಟ ಹತ್ತುವ ಚಟ ಹಿಡಿದವರು ಅದನ್ನು ಇನ್ನೊಂದು ದಿನಕ್ಕೆ ಮೀಸಲಿಡುವುದು ಉಚಿತ. ಎರಡನ್ನೂ ಒಂದೇ ಹಗಲಿನಲ್ಲಿ ಮುಗಿಸಲು ಹೊರಟವನು ಎರಡನ್ನೂ ನೋಡಲಾರ.

ಶಿವಗಂಗೆಯನ್ನು ದಕ್ಷಿಣಕಾಶಿಯೆಂದು ಜನ ಕರೆಯುತ್ತಾರೆ. ಬೆಟ್ಟದ ಆಕಾರ ಪೂರ್ವದಿಂದ ನಂದಿಯಂತೆಯೂ, ಪಶ್ಚಿಮದಿಂದ ಗಣಪತಿಯಂತೆಯೂ, ದಕ್ಷಿಣದಿಂದ ಲಿಂಗದಂತೆಯೂ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ಕಾಣುವುದೆಂಬುದು ಪ್ರತೀತಿ. ಬಸ್ಸಿನಲ್ಲಿ ಬುಡಕ್ಕೇ ಬಂದು ಇಳಿಯುವವರಿಗೆ ಇದು ಕೇಳಿದ ಮಾತಾಗಿಯೇ ಉಳಿಯುತ್ತದೆ. ನಿಡುವಂದದಿಂದ ನಡೆದು ಬರುವವನಿಗೆ ಮಾತ್ರ ಸರ್ಪವು ದಾರಿಯುದ್ದಕ್ಕೂ ಮೆಲ್ಲಮೆಲ್ಲನೆ ಮೈಹೊರಳಿಸುವುದು ಗೋಚರಿಸುತ್ತದೆ. ಕೆಳಗೆ ಗುಹೆಯೊಳಗೆ ಗಂಗಾಧರೇಶ್ವರನ ಗುಡಿ, ಪಕ್ಕದಲ್ಲಿ ಹೊನ್ನಾದೇವಿಯದು. ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುವುದೆಂದು ನಂಬಿ ಬರುವ ಭಕ್ತರಿಗೆ ಅರ್ಚಕರು ಅದನ್ನು ತೋರಿಸುತ್ತಾರೆ. ಬೆಂಗಳೂರಿನ ಕೆಂಪೇಗೌಡನ ಲೋಹಪ್ರತಿಮೆಯೊಂದು ಈ ಗುಡಿಯಲ್ಲಿದೆ, ಅದು 1609ರದು. ನಗರದ ಚೌಕಗಳಲ್ಲಿ ನಿಂತಿರುವ ಅಶ್ವಾರೂಢ ಕೆಂಪೇಗೌಡರನ್ನೆಲ್ಲ ನೋಡಿ ಬಂದವರಿಗೆ ಇಲ್ಲಿ ಕೈಮುಗಿದು ನಿಂತ ಪ್ರಭು ಕಂಡಾಗ ಬೇರೊಂದು ಭಾವ ಉಂಟಾಗದಿರದು.

ಮೇಲೇರುತ್ತ ಒಳಕಲ್ಲು ತೀರ್ಥ ಸಿಕ್ಕುತ್ತದೆ. ಬಗ್ಗಿಕೊಂಡು ನುಸುಳಬೇಕಾದ ಗವಿಯೊಳಗೆ, ಬಂಡೆಯಲ್ಲಿ ಒರಳಿನಂಥ ಒಂದು ಗುಳಿ. ಅದರೊಳಗೆ ತೋಳನ್ನು ಇಳಿಬಿಟ್ಟರೆ ತಳದಲ್ಲಿ ನೀರು ಬೆರಳಿಗೆ ತಾಕಬೇಕು. ಪುಣ್ಯವಂತರಿಗೆ ಮಾತ್ರ ತಾಕುವುದೆಂಬ ನಂಬಿಕೆಯಿರುವುದರಿಂದ, ಸರದಿಯಲ್ಲಿ ನಿಂತ ಮದುವಣಿಗರ ಮುಖದಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಕಳವಳ. ಗಿಡ್ಡ ತೋಳಿನವರಿಗೆ ಪುಣ್ಯ ತುಸು ದುರ್ಲಭವೆಂದು ಮಾತ್ರ ನನಗೆ ತೋರಿತು. ಅಲ್ಲಿಂದ ಮೇಲೆ ಮೆಟ್ಟಿಲುಗಳು ಬಂಡೆಯ ಮೈಯಲ್ಲಿಯೇ ಕಡಿದವು; ಕಬ್ಬಿಣದ ಸರಳನ್ನು ಹಿಡಿಯದೆ ಹೋಗತಕ್ಕುದಲ್ಲ. ಕೈಯಲ್ಲಿ ತಿಂಡಿಯ ಪೊಟ್ಟಣವಿದ್ದರೆ ಅದು ಕೋತಿಗಳ ಸ್ವತ್ತೆಂದು ಮೊದಲೇ ತಿಳಿದಿರುವುದು ಒಳಿತು. ಒಂದು ಕೋಡುಗಲ್ಲಿನ ನೆತ್ತಿಯಲ್ಲಿ ಬಂಡೆಯಿಂದಲೇ ಕಡೆದ ನಂದಿಯಿದೆ. ಅದರ ಸುತ್ತ ಪ್ರದಕ್ಷಿಣೆ ಬರುವ ಸಂದು ಒಬ್ಬರಿಗೆ ಮಾತ್ರ ಸಾಲುವಷ್ಟಿದ್ದು, ಬಲಗೈ ನಂದಿಯನ್ನು ಮುಟ್ಟಿರುವಾಗ ಎಡಗಡೆ ಕೇವಲ ಆಕಾಶ. ಶಿಖರದ ತೀರ್ಥಕಂಬದಲ್ಲಿ ಮಕರಸಂಕ್ರಾಂತಿಯಂದು ಗಂಗೆ ಉದ್ಭವಿಸುವಳೆಂದೂ, ಆ ತೀರ್ಥದಿಂದಲೇ ಗಂಗಾಧರನ ಕಲ್ಯಾಣೋತ್ಸವ ನಡೆಯಬೇಕೆಂದೂ ಸಂಪ್ರದಾಯ.

ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಈ ಶಿಖರದಿಂದ ಹಾರಿಕೊಂಡಳೆಂಬ ಕಥೆಯನ್ನು ಕೇಳದೆ ಯಾರೂ ಇಳಿದುಬರುವುದಿಲ್ಲ. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂಬುದನ್ನು ಶ್ರವಣಬೆಳಗೊಳದ ಶಾಸನ ಹೇಳುತ್ತದೆ, ಹಾರಿದಳೆಂದು ಹೇಳುವುದಿಲ್ಲ. ಪರಮ ಜಿನಭಕ್ತೆಯಾದವಳು ಸಲ್ಲೇಖನದಿಂದ ದೇಹವನ್ನು ಬಿಟ್ಟಿರಬಹುದೆಂಬ ವಿದ್ವಾಂಸರ ಊಹೆಯೇ ನನಗೆ ಹೆಚ್ಚು ಸಮ್ಮತ. ಪ್ರಪಾತವೊಂದು ಸಿದ್ಧವಾಗಿರುವಾಗ ಕಥೆಗಾರರ ನಾಲಗೆಯನ್ನು ತಡೆಯುವವರಾರು?

ಈ ಬೆಟ್ಟದ ಮೇಲೆ ಬಿದ್ದ ಮಳೆಯೇ ಕುಮುದ್ವತಿಯಾಗಿ ಹೊರಟು ತಿಪ್ಪಗೊಂಡನಹಳ್ಳಿಯಲ್ಲಿ ನಮ್ಮ ಅರ್ಕಾವತಿಯನ್ನು ಸೇರುವುದು. ಚಿಕ್ಕಬಾಣಾವರದಲ್ಲಿ ಕವಲೊಡೆಯುವ ಎರಡು ರೈಲುಹಾದಿಗಳ ನಡುವೆ ಶಿವಗಂಗೆ ನಿಂತಿದೆ: ಉತ್ತರಕ್ಕೆ ತುಮಕೂರಿನದು, ದಕ್ಷಿಣಕ್ಕೆ ನೆಲಮಂಗಲ, ಸೋಲೂರು, ತಿಪ್ಪಸಂದ್ರ, ಕುಣಿಗಲ್ಲುಗಳ ಮೇಲೆ ಹಾಸನಕ್ಕೆ ಹೋಗುವ, 2017ರಲ್ಲಿ ಪೂರ್ಣವಾಗಿ ತೆರೆದ ಹೊಸ ಹಾದಿ. ಕಾಲಿನಲ್ಲಿ ಕಸುವುಳ್ಳವರು ನಿಡುವಂದದಲ್ಲಿ ಇಳಿದು, ಶಿಖರದ ಆಸೆಯನ್ನು ಬಿಟ್ಟು ಬುಡದ ಗುಡಿಗಳನ್ನಷ್ಟೇ ನೋಡಿ, ದಕ್ಷಿಣಕ್ಕೆ ನಡೆದು ಸೋಲೂರಿನಲ್ಲಿ ಗಾಡಿ ಹಿಡಿಯಬಹುದು. ಪೂರ್ಣ ಒಂದು ಹಗಲಿನ ಕೆಲಸ. ಹಾಸನದ ಹಾದಿಯಲ್ಲಿ ನಿಲ್ಲುವ ಗಾಡಿಗಳು ಕಡಿಮೆಯಾದ್ದರಿಂದ ಅಲ್ಲಿನ ನಡಿಗೆಗಳನ್ನು ವಿವರಿಸಲು ಹೋಗುವುದಿಲ್ಲ. ಜನಪದರ ಹಾಡಿನಿಂದ ಹೆಸರಾದ ಕುಣಿಗಲ್ ಕೆರೆಯ ಏರಿಯ ಮೇಲಿನ ಸಂಜೆಯೊಂದನ್ನೂ, ಟಿಪ್ಪುವಿನ ಕಾಲದಿಂದ ಹೆಸರಾದ ಅಲ್ಲಿನ ಕುದುರೆ ಫಾರಂನ ಹೊರಗೋಡೆಯ ಗುಂಟ ಹಳೆಯ ಮರಗಳ ನೆರಳಿನ ನಡಿಗೆಯನ್ನೂ ಹೆಸರಿಸಿದರೆ ಸಾಕು.

ತುಮಕೂರಿಗೆ ಒಂದು ನಿಲ್ದಾಣ ಮೊದಲೇ, ಕ್ಯಾತ್ಸಂದ್ರದಲ್ಲಿ ಇಳಿದರೆ ಸಿದ್ಧಗಂಗೆ ಸಮೀಪ. ಶಿವಕುಮಾರ ಸ್ವಾಮಿಗಳು (1907–2019) ಸಾವಿರಾರು ಬಡಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನಿತ್ತ ಈ ಮಠದಲ್ಲಿ ಹಾದಿಹೋಕನಿಗೂ ಪಂಕ್ತಿಯಲ್ಲಿ ಎಲೆಯುಂಟು. ದಾಸೋಹದ ಮುದ್ದೆ ಸಾರನ್ನು ಉಂಡೇ ಮುಂದಕ್ಕೆ ಹೋಗುವುದು ಸಂಪ್ರದಾಯಕ್ಕೂ ಹೊಟ್ಟೆಗೂ ಹಿತ. ಮುಂದಿನ ದಾರಿ ನಾಮದ ಚಿಲುಮೆಯ ಕಾಡನ್ನು ಹೊಕ್ಕು ದೇವರಾಯನದುರ್ಗಕ್ಕೆ ಏರುತ್ತದೆ. ಅಲ್ಲಿ ಬೆಟ್ಟದ ಬುಡದಲ್ಲಿ ಭೋಗನರಸಿಂಹ, ನೆತ್ತಿಯಲ್ಲಿ ಯೋಗನರಸಿಂಹ. ಕಲ್ಲುಗುಡ್ಡಗಳ ಕುರುಚಲಿನಲ್ಲಿ ಮಾತ್ರ ಬಾಳುವ ಹಳದಿ ಕೊರಳಿನ ಪಿಕಳಾರ ಇಲ್ಲಿದೆ. ಈ ಗುಡ್ಡಗಳು ಒಂದು ಜಲವಿಭಾಜಕವೂ ಹೌದು: ಇಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನೂ, ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿಯನ್ನೂ ಸೇರುತ್ತವೆ. ಕಾಡಿನ ಭಾಗದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಸ್ತೆಯನ್ನು ಬಿಟ್ಟು ಒಳಹೊಗುವಂತಿಲ್ಲ. ನೆಲಮಂಗಲದಿಂದ ಇಲ್ಲಿಯವರೆಗಿನ ಗುಡ್ಡಗಳಲ್ಲೆಲ್ಲ ಚಿರತೆಗಳಿವೆಯೆಂಬುದನ್ನು ಹಳ್ಳಿಗರು ಹೇಳಿದರೆ ನಗದೆ ಕೇಳಿ, ಹೊತ್ತು ಮುಳುಗುವ ಮುನ್ನ ಊರಿನ ಬೆಳಕಿಗೆ ಬರಬೇಕು.

ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಹಳಿಯ ಮೇಲೆ ನಡೆಯುವುದು ಅಪರಾಧವೂ ಹೌದು, ಅಪಾಯವೂ ಹೌದು. ವಿದ್ಯುತ್ತಿನ ಗಾಡಿಗಳು ಉಗಿಬಂಡಿಗಳಂತೆ ದೂರದಿಂದ ಸದ್ದುಮಾಡಿ ಎಚ್ಚರಿಸುವುದಿಲ್ಲ. ಫಾಲ್ಗುಣ ಕಳೆದ ಮೇಲೆ ಬಯಲಿನಲ್ಲಿ ನೆರಳಿಲ್ಲ, ಆದುದರಿಂದ ಆಶ್ವಯುಜದಿಂದ ಮಾಘದವರೆಗೆ ನಡೆಯುವುದು ಯುಕ್ತ. ಬೇಕಾದಷ್ಟು ನೀರನ್ನು ಮನೆಯಿಂದಲೇ ಒಯ್ಯಬೇಕು. ಹೊಲಗಳ ನಡುವೆ ಹೋಟೆಲುಗಳಿರುವುದಿಲ್ಲ. ಭಾನುವಾರಗಳಂದು ಕೆಲವು ಲೋಕಲ್ ಗಾಡಿಗಳು ಓಡದಿರುವುದರಿಂದ ಹಿಂದಿನ ದಿನವೇ ವೇಳೆಯನ್ನು ವಿಚಾರಿಸಿಕೊಳ್ಳುವುದು ಕ್ಷೇಮ. ನಿಡುವಂದದಲ್ಲಿ ಸಂಜೆಯ ಗಾಡಿ ತಪ್ಪಿದರೆ ದಾಬಸ್‌ಪೇಟೆಯ ಹೆದ್ದಾರಿಗೆ ಬಂದು ಬೆಂಗಳೂರಿನ ಬಸ್ಸನ್ನು ಹಿಡಿಯಬಹುದು; ಆದರೆ ಮಾದನಾಯಕನಹಳ್ಳಿಯಲ್ಲಿ ನಿಲ್ಲಿಸುವರೋ ಇಲ್ಲವೋ ಎಂದು ಹತ್ತುವ ಮುನ್ನವೇ ಕಂಡಕ್ಟರನ್ನು ಕೇಳತಕ್ಕುದು. ದೂರದೂರಿನ ವೇಗದೂತ ಬಸ್ಸುಗಳಲ್ಲಿ ಕೆಲವು ನೆಲಮಂಗಲ ಬಿಟ್ಟರೆ ಮೇಲುಸೇತುವೆಯನ್ನು ಹತ್ತಿ ಗೊರಗುಂಟೆಪಾಳ್ಯದಲ್ಲಿಯೇ ಇಳಿಸುತ್ತವೆ.